ಕೂದಲು ಉದುರಲಿ, ಆಮೇಲೆ ಹೂ ಕೀಳಿ

ಆಷಾಢದ ಹದಿನೈದರ ನಾಟಿ ಹಬ್ಬಕ್ಕೆ ಮೊಸರವಲಕ್ಕಿ ಉಣ್ಣದ ಮನೆ ನಮ್ಮ ಮ್ಯಾಗ್ದಿ ಸೀಮೆಯ ಗುಡ್ಡಗಳಲ್ಲಿಲ್ಲ. ಹಬ್ಬಕ್ಕೆ ಎಂಟೇ ದಿನವಿತ್ತು, ಬಲ್ಮಾಯಾಳ ಎಮ್ಮೆಯ ಹಾಲು ಕಮ್ಮಿಯಾಗಿತ್ತು. ಆಕೆ ಬೆನ್ನಿಗೆ ಬುಟ್ಟಿ ಕಟ್ಟಿ, ಕುಡುಗೋಲು ಹಿಡಿದು, ಮೆಕ್ಕೆಜೋಳದ ತುದಿಯ ಗಂಡುಹೂವನ್ನು ಮೇವಿಗೆಂದು ಕೊಯ್ಯಲು ಹೊರಟಳು. ಸೊಸೆ ಜುನಕಲಾ ದಾರಿಗೆ ಅಡ್ಡ ನಿಂತಳು.

“ಅತ್ತೆ, ಹೋದ ವರ್ಷಾನೂ ಹಿಂಗೇ ಕೊಯ್ದು ಬೋಳು ತೆನೆ ತಂದ್ವಿ. ಮಾಘಕ್ಕೇ ಹಿಟ್ಟು ಮುಗೀತು. ಈ ಸಲ ನಾ ಬಿಡಲ್ಲ.”

“ಅದು ಮಳೆಯಿಂದ ಕಣೇ. ಹೂ ಎಲ್ಲೋ ತುದೀಲಿದೆ, ತೆನೆ ನಡೂಲಿದೆ. ತಲೆ ಬೋಳಿಸಿದ್ರೆ ಬಸುರಿಗೇನು ತೊಂದ್ರೆ?”

“ಹೂವಿನ ಧೂಳು ಬಿದ್ರೇನೇ ಅವಳು ಬಸುರಿ ಆಗೋದು, ಅತ್ತಿಗೆ!” ಗೋಡೆಯಾಚೆ ನೆರೆಮನೆಯ ಟೀಕಾಸರಾ ನಕ್ಕಳು. ಬೇಸಾಯದ ಪುಸ್ತಕ ಓದಿ ಊರಿನ ಬೀಜದ ಗುಂಪು ನಡೆಸುವವಳು ಅವಳೇ. “ಮದುವೆಗೆ ಮುಂಚೆ ಗಂಡನ್ನ ಎಮ್ಮೆಗೆ ಹಾಕಿ, ಮಕ್ಕಳಾಗ್ಲಿಲ್ಲ ಅಂದ್ರೆ ಹೆಂಗೆ?”

“ನಿನ್ನ ಪುಸ್ತಕ ಹಾಲು ಕೊಡುತ್ತೇನೇ?”

“ಪುಸ್ತಕ ಬಿಡಿ. ನಿಮ್ಮ ಹೊಲಾನೇ ಕೇಳೋಣ ಬನ್ನಿ.”

ಹೊಲಕ್ಕೆ ಬಂದು ಟೀಕಾಸರಾ ಒಂದು ಎಳೆ ತೆನೆ ಮುರಿದು, ಸಿಪ್ಪೆಯನ್ನು ಮೆಲ್ಲಗೆ ಬಿಡಿಸಿ ಕೊಡವಿದಳು. ತೆನೆಯ ರೇಷ್ಮೆಯಂಥ ಕೂದಲಲ್ಲಿ ಬುಡದ್ದಷ್ಟೇ ಉದುರಿತು. ಮೇಲಿನದು ಅಂಟಿಕೊಂಡೇ ಇತ್ತು.

“ಒಂದೊಂದು ಕೂದಲಿಗೂ ಒಂದೊಂದು ಕಾಳು. ಧೂಳು ಮುಟ್ಟಿ ಕಾಳು ಕಟ್ಟಿದ್ರೆ ಕೂದಲು ತಾನೇ ಕಳಚುತ್ತೆ. ಅಂಟಿರೋದು ಇನ್ನೂ ಕಾಯ್ತಿದೆ.”

ಬಲ್ಮಾಯಾ ತಾನೇ ಇನ್ನೊಂದು ಕೊಡವಿದಳು. ಅದೂ ಹಾಗೆಯೇ. ಕುಡುಗೋಲನ್ನು ಬದುವಿನ ಮೇಲಿಟ್ಟಳು.

“ದೇವರು ಕೊಡೋಕೆ ಕೈ ನೀಡಿದ್ದ. ಹೋದ ವರ್ಷ ನಾನೇ ಆ ಕೈ ಕೊಯ್ದೆ,” ಎಂದಳು. “ಸರಿ, ಎಮ್ಮೆಗೇನು ಹಾಕ್ಲಿ?”

“ತೆನೆ ಕಟ್ಟದ ಬಡಕಲು ಗಿಡ ಕಿತ್ತು ಹಾಕಿ. ಬದುವಿನ ಹುಲ್ಲು ನಾ ತರ್ತೀನಿ,” ಎಂದಳು ಸೊಸೆ.

ಹಬ್ಬಕ್ಕೆ ತಲೆಗೊಂದೊಂದೇ ಸೌಟು ಮೊಸರು ಬಂತು. ಯಾರೂ ಗೊಣಗಲಿಲ್ಲ. ಮತ್ತೆ ನಾಲ್ಕು ದಿನಕ್ಕೆ ತೆನೆ ಕೊಡವಿದರೆ ಕೂದಲೆಲ್ಲ ಉದುರಿತು. ಅಂದು ಹೂ ಕೀಳುವಾಗ ಬಲ್ಮಾಯಾಳೇ ಸೊಸೆಯನ್ನು ಗದರಿದಳು: “ಎಲೆ ಮುಟ್ಟೀಯೆ, ಜೋಕೆ! ಕಾಳಿಗೆ ಅನ್ನ ಬೇಯೋದು ಎಲೇಲೇ.”

ಭಾದ್ರಪದದಲ್ಲಿ ಆ ಮನೆಗೆ ತುದಿಯವರೆಗೂ ಕಾಳು ತುಂಬಿದ ತೆನೆ ಬಂತು.

ಅಕ್ಕತಂಗಿಯರೇ, ಗಂಡುಹೂ ಕೊಯ್ಯುವ ಮೊದಲು ಹೊಲದ ನಾಲ್ಕು ಕಡೆ ತೆನೆ ಬಿಡಿಸಿ ಕೊಡವಿ ನೋಡಿ. ಕೂದಲು ಅಂಟಿದ್ದರೆ ಮನೆಗೆ ಹಿಂತಿರುಗಿ. ಎಲ್ಲ ಉದುರಿದರೆ ಹೂವಷ್ಟನ್ನೇ ಕೀಳಿ, ಎಲೆ ಉಳಿಸಿ. ಆಗ ಕಾಳಿಗೂ ನಷ್ಟವಿಲ್ಲ, ಮೇವೂ ಸಿಗುತ್ತದೆ. ಎಮ್ಮೆ ಹನ್ನೆರಡು ದಿನ ಕಾದೀತು. ಮಕ್ಕಳ ಹೊಟ್ಟೆ ಚಳಿಗಾಲವಿಡೀ ಕಾಯಲಾರದು.