ಬಾಗಿಲ ಪಕ್ಕದ ಗೂಟ

ಅಳಿಯ ಪ್ರತಾಪನ ಮಚ್ಚಿನೇಟಿಗೆ ಬಿದಿರು ತುಂಡಾಗುವ ಬದಲು ಉದ್ದಕ್ಕೆ ಸೀಳಿತು. ಹಾಳಾದದ್ದು ಇದು ಎರಡನೆಯ ಗಳು.

"ಮಚ್ಚಲ್ಲಿ ಆಗಲ್ಲ ಕಣೋ," ಅಂದ ಪಕ್ಕದ ಮನೆಯ ಗುಂಡಯ್ಯ. "ಗರಗಸ ತತ್ತಾ. ನಿಮ್ ಮಾವನ ಶೆಡ್ಡಲ್ಲಿ ಐತಲ್ಲ."

ಚಟ್ಟ ಕಟ್ಟುತ್ತಿದ್ದವರೆಲ್ಲ ಅಂಗಳದ ಮೂಲೆಯ ಶೆಡ್ಡಿನ ಕಡೆ ನೋಡಿದರು. ಜಗುಲಿಯಲ್ಲಿ ಗಂಡನ ತಲೆಯ ಬಳಿ ಕೂತಿದ್ದ ಸುಮಿತ್ರಮ್ಮನೂ ನೋಡಿದಳು. ನಿನ್ನೆ ಸಂಜೆ ಇದೇ ಜಗುಲಿಯಲ್ಲಿ, ಕಾಫಿ ಲೋಟ ಹಿಡಿದವನು ಹಿಡಿದಂತೆಯೇ ನಂಜುಂಡ ಗೋಡೆಗೆ ಒರಗಿಬಿಟ್ಟಿದ್ದ.

"ಲೈನ್‌ಮನ್ ಆಗಿದ್ದಷ್ಟು ವರ್ಷ ಕಂಬದಿಂದ ಬೀಳ್ಲಿಲ್ಲ," ಗುಂಡಯ್ಯ ಹೇಳುತ್ತಿದ್ದ. "ರಿಟೈರಾಗಿ ಮರಗೆಲಸ ಕಲ್ಯಕ್ಕೆ ಹೋದ್ರೂ ಒಂದು ಬೆರಳು ಕುಯ್ಕಳ್ಳಿಲ್ಲ. ನೋಡ್ರೋ, ಹತ್ತೂ ನೆಟ್ಟಗವೆ."

"ಮರ ಮುಟ್ಟಿದ್ರೆ ತಾನೆ ಬೆರಳು ಕುಯ್ಯದು? ವರ್ಷಗಟ್ಲೆ ಬರೀ ಶೆಡ್ ರೆಡಿ ಮಾಡ್ದ. ಬೆಳಗೋಡು ಪೇಟೆಗೆ ಹೋಗಿ ಮೊದ್ಲು ತಂದಿದ್ದೇ ಬ್ಯಾಂಡೇಜು ಮಾರಾಯ!" ಅಂದ ಇನ್ನೊಬ್ಬ.

ಯಾರೋ ನಕ್ಕರು. ಜಗುಲಿಯತ್ತ ನೋಡಿ ಮತ್ತೆ ಗಳುಗಳಿಗೆ ಬಗ್ಗಿದರು.

ನಂಜುಂಡನ ಅಕ್ಕ ಸುಮಿತ್ರಮ್ಮನ ಕಿವಿಯ ಬಳಿ ಬಾಗಿದಳು. "ಇವನ್ನ ಎತ್ತೋಕೆ ಮುಂಚೆ ಬಳೆ ಒಡೀಬೇಕು ಕಣೆ. ನಲ್ಲಿ ಹತ್ರ ಕಲ್ಲು ತೊಳ್ದಿಟ್ಟಿದೀನಿ."

"ಈಗ ಯಾರು ಅತ್ತೆ ಅದನ್ನೆಲ್ಲ ಮಾಡ್ತಾರೆ? ಬಿಟ್ಬುಡಿ," ಅಂದಳು ಮಗಳು ವಾಣಿ.

"ನೀನು ಸುಮ್ಕಿರು. ನಾಳೆ ಊರೋರಿಗೆ ಉತ್ತರ ಹೇಳೋಳು ನಾನು."

ಸುಮಿತ್ರಮ್ಮ ತನ್ನ ಹಸಿರು ಗಾಜಿನ ಬಳೆಗಳನ್ನು ನೋಡಿಕೊಂಡಳು.

*

ಹಳೆಯ ಕೊಟ್ಟಿಗೆಗೆ ನೆಲ ಹಾಕಿಸಿ ನಂಜುಂಡ ಅದನ್ನು ಶೆಡ್ಡು ಮಾಡಿಕೊಂಡಿದ್ದ. ಗಾಳಿಗೆಂದು ಎರಡು ಕಿಟಕಿ ಒಡೆಸಿದ. ಕೈಗೆಟಕುವಲ್ಲಿ ಮೇನ್ ಸ್ವಿಚ್ಚು, ಬಾಗಿಲ ಒಳಗೆ ಬೆಂಕಿಗೆಂದು ಮರಳಿನ ಬಕೆಟ್ಟು. ಕಾಲಿಗೆ ತೊಡರುವ ವೈರು ಒಂದೂ ಇರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಕಣ್ಣೆದುರೇ ಕಂಬದ ಮೇಲೆ ಸುಟ್ಟುಹೋದದ್ದನ್ನು ಅವನು ಕಂಡಿದ್ದ. ಮದುವೆಯಾದ ಹೊಸತರಲ್ಲಿ ಒಂದು ಸಲ ಅದನ್ನು ಹೆಂಡತಿಗೆ ಹೇಳಿದ್ದ. ಆಮೇಲೆ ಆ ಮಾತೇ ಎತ್ತಲಿಲ್ಲ.

ಮರ ಕೊಯ್ಯುವ ಮೆಷಿನ್ನು ಬಂದ ದಿನ ಸುಮಿತ್ರಮ್ಮ ಕಾಫಿ ಹಿಡಿದು ಹೊಸ್ತಿಲು ದಾಟಿದ್ದಳು.

"ನಿಲ್ಲು ಅಲ್ಲೇ!"

ಅವನು ಹಾಗೆ ಕಿರುಚಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಲೋಟ ತುಳುಕಿತು. ತಿರುಗುತ್ತಿದ್ದ ಗರಗಸ ಪೂರಾ ನಿಂತ ಮೇಲೆ ಅವನು ಹೊರಗೆ ಬಂದ. ಹಣೆಯಲ್ಲಿ ಬೆವರಿತ್ತು.

"ಬಳೆ, ಸೆರಗು ಯಾವ್ದಾದ್ರೂ ಅದಕ್ಕೆ ಸಿಕ್ತು ಅಂದ್ರೆ ಕೈ ವಾಪಸ್ ಬರಲ್ಲ ಕಣೆ."

ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬಾಗಿಲ ಹೊರಗೆ, ಅವಳ ಎದೆಮಟ್ಟಕ್ಕೆ, ಹಲಸಿನ ಮರದ ಗೂಟವೊಂದು ಕಂಡಿತು. ಅವನು ಕಲಿತು ಮಾಡಿದ ಮೊದಲ ಸಾಮಾನು. ಬಳೆ ಜಾರದಿರಲೆಂದು ತುದಿಯನ್ನು ಕೊಂಚ ಮೇಲಕ್ಕೆ ಬಾಗಿಸಿ, ಎಲ್ಲೂ ತರಚದಂತೆ ನುಣ್ಣಗೆ ಉಜ್ಜಿದ್ದ.

"ಬಳೆ ಇಲ್ಲಿ ತೆಗ್ದಿಟ್ಟು ಬಾ. ಹೋಗೋವಾಗ ಹಾಕ್ಕೊ."

"ನೀವಿರೋಗಂಟ ನಾನು ಬರಿಗೈ ಮಾಡ್ಕಳಲ್ಲ."

ಅವನು ನಕ್ಕ. "ಅಂಗಾದ್ರೆ ನೀನು ಬರಾದೇ ಬ್ಯಾಡ ಬುಡು."

ಅಲ್ಲಿಂದಾಚೆ ಕಾಫಿ ಹೊರಗಿನ ಕಟ್ಟೆಯ ಮೇಲೆ. ಒಳಗೆ ಏನು ನಡೆದಿದೆಯೆಂದು ಅವಳು ಸದ್ದಿನಲ್ಲೇ ತಿಳಿಯುತ್ತಿದ್ದಳು. ಆ ಗೂಟಕ್ಕೆ ಅವನು ತನ್ನ ಅಂಗಿಯನ್ನೂ ಸಿಗಿಸಲಿಲ್ಲ. ಮತ್ತೆ ಬಾ ಎಂದು ಅವನು ಕರೆಯಲಿಲ್ಲ. ಬರುತ್ತೇನೆಂದು ಅವಳೂ ಹೇಳಲಿಲ್ಲ.

*

"ಅತ್ತೆ, ಶೆಡ್ಡಿನ ಬೀಗದಕೈ ಎಲ್ಲೈತೆ?" ಪ್ರತಾಪ ಬಂದು ನಿಂತಿದ್ದ. ಪಂಚೆ ನೆಲಕ್ಕೆ ಇಳಿಬಿದ್ದಿತ್ತು. ಟವೆಲ್ಲು ಕತ್ತಿನಿಂದ ಜೋತಾಡುತ್ತಿತ್ತು.

ಸುಮಿತ್ರಮ್ಮ ಎದ್ದಳು. "ಯಾರೂ ಒಳಗೆ ಹೋಗ್ಬೇಡಿ. ನಾನೇ ತರ್ತೀನಿ."

ಗಂಡ ಇನ್ನೂ ಮನೆಯಲ್ಲೇ ಇದ್ದಾನೆ. ಎತ್ತಿದ ಮೇಲೆ ಹೋದರೆ ಅದು ಬೇರೆಯೇ. ಅವನಿರುವಾಗಲೇ ಒಂದು ಸಲ ಆ ಹೊಸ್ತಿಲು ದಾಟಬೇಕು, ಅದೂ ಅವನು ಹೇಳಿದ ಹಾಗೆಯೇ.

ನಲ್ಲಿಯ ಬಳಿ ತೊಳೆದಿಟ್ಟ ಕಲ್ಲನ್ನು ಸುತ್ತಿ ಹೋಗಿ ಸೋಪು ತೆಗೆದುಕೊಂಡಳು. ಗೆಣ್ಣುಗಳು ಊದಿಕೊಂಡಿದ್ದವು. ಒಂದೊಂದು ಬಳೆಗೂ ಹಲ್ಲು ಕಚ್ಚಬೇಕಾಯಿತು.

ನಂಜುಂಡನ ಅಕ್ಕ ಓಡಿಬಂದಳು. "ಏನೇ ಮಾಡ್ತಿದೀಯ? ಒಡೀಬೇಕು ಕಣೆ, ತೆಗೀಬಾರ್ದು!"

"ತೆಗ್ದು ಬಾ ಅಂದಿದ್ರು ಅತ್ತಿಗೆ. ಒಡ್ಕಂಡ್ ಬಾ ಅಂದಿರ್ಲಿಲ್ಲ."

ಅತ್ತಿಗೆ ಜಗುಲಿಯ ಮೇಲೆ ಮಲಗಿದ್ದ ತಮ್ಮನ ಕಡೆ ನೋಡಿದಳು. ಆಮೇಲೆ ಆ ಕಲ್ಲಿನ ಮೇಲೆ ತಾನೇ ಕುಸಿದು ಕೂತಳು.

ಸುಮಿತ್ರಮ್ಮ ಬಳೆಗಳನ್ನು ಗೂಟಕ್ಕೆ ಸಿಗಿಸಿದಳು. ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ ಬೀಗ ತೆಗೆದಳು.

ಸಿಲ್ವರ್ ಓಕ್ ಮರದ ಹೊಟ್ಟಿನ ವಾಸನೆ. ಗೋಡೆಯ ಮೇಲೆ ಒಂದೊಂದು ಸಾಮಾನಿಗೂ ಅದರದೇ ಆಕಾರದ ಗೆರೆ ಬರೆದು, ಆ ಗೆರೆಯೊಳಗೇ ತೂಗುಹಾಕಿದ್ದ. ಮೆಷಿನ್ನಿನ ಸುತ್ತ ನೆಲದಲ್ಲಿ ಹಳದಿ ಪಟ್ಟೆ. ಪಟ್ಟೆಯಾಚೆ, ಕಿಟಕಿಯ ಕೆಳಗೆ, ಒಂದು ಗಿಡ್ಡ ಸ್ಟೂಲು. ಅವನ ಎತ್ತರಕ್ಕೆ ಮಾಡಿದ್ದಲ್ಲ. ಉಳಿದೆಲ್ಲದರ ಮೇಲೂ ತೆಳ್ಳಗೆ ಹೊಟ್ಟು ಕೂತಿತ್ತು. ಸ್ಟೂಲಿನ ಮೇಲೆ ಮಾತ್ರ ಇರಲಿಲ್ಲ.

ಅವಳು ಅದರ ಮೇಲೆ ಕೂತಳು. ಪಾದ ನೆಲಕ್ಕೆ ಸರಿಯಾಗಿ ಊರಿತು.

ಹೊರಗೆ ಗಂಡಸರ ಮಾತು ಕೇಳುತ್ತಿತ್ತು. ಬೇಗ ಬಾ ಎಂದು ಯಾರೂ ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಎದ್ದು, ಕೈಗರಗಸ ತಂದು ಪ್ರತಾಪನಿಗೆ ಕೊಟ್ಟಳು.

"ಪಂಚೆ ಎತ್ತಿ ಕಟ್ಕೊ. ಟವೆಲ್ ತೆಗ್ದಿಡು. ಎಡಗೈ ದೂರ ಇರ್ಲಿ."

"ಹೂಂ ಅತ್ತೆ."

"ಅಮ್ಮ, ಬಳೆ..." ಅಂದಳು ವಾಣಿ.

"ಇರ್ಲಿ ಬುಡು."

ಈ ಸಲ ಬಿದಿರು ಸೀಳಲಿಲ್ಲ.

ತೋಟಕ್ಕೆ ಹೋಗುವ ದಾರಿ ಶೆಡ್ಡಿನ ಬಾಗಿಲನ್ನು ಒರಸಿಕೊಂಡೇ ಹೋಗುತ್ತದೆ. ಚಟ್ಟಕ್ಕೆ ಮುಂದಿನ ಹೆಗಲು ಕೊಟ್ಟಿದ್ದ ಪ್ರತಾಪ ಅಲ್ಲಿ ಹೆಜ್ಜೆ ನಿಧಾನ ಮಾಡಿ, "ಗುಂಡಣ್ಣ, ಬಲಕ್ಕೆ" ಎಂದು ಮೆಲ್ಲಗೆ ಅಂದ. ಹೊತ್ತವರೆಲ್ಲ ಕಾಫಿ ಗಿಡಗಳಿಗೆ ಮೈ ಉಜ್ಜಿಕೊಂಡು ಪಕ್ಕಕ್ಕೆ ಸರಿದರು. ಗೂಟದಿಂದ ಗೇಣು ದೂರದಲ್ಲಿ ಚಟ್ಟ ದಾಟಿತು. ಒಂದು ಬಳೆಯೂ ಅಲುಗಲಿಲ್ಲ.