ಹಿಂದಕ್ಕೆ ತುಳಿಯುವ ಬ್ರೇಕು

ರಾಜಶೇಖರನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಇದನ್ನು ಬೇರೆಯವರು ಹೇಳುತ್ತಿರಲಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ. ಅಮೆರಿಕದ ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯಲ್ಲಿ ದಿನವಿಡೀ ಮೀಟಿಂಗ್ ನಡೆಸುವವನಿಗೆ ಅಂಟಿದ ಚಾಳಿ ಅದು. ಹದಿನೈದರ ಮಗಳು ಶ್ರಿಯಾ ಮಾತ್ರ ಒಂದು ವರ್ಷದಿಂದ ಅಪ್ಪನ ಯಾವ ಪ್ರಶ್ನೆಗೂ ‘ಫೈನ್’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಕೊಟ್ಟಿರಲಿಲ್ಲ. ಅವಳು ಚಿಕ್ಕವಳಿದ್ದಾಗಿನಂತೆ ತನ್ನನ್ನು ಕಣ್ಣರಳಿಸಿ ನೋಡಬೇಕು ಎಂಬುದೊಂದೇ ಅವನ ಆಸೆ. ಅದಕ್ಕೆ ಏನು ಮಾಡಬೇಕೆಂಬುದು ಮಾತ್ರ ಈ ಬೃಹಸ್ಪತಿಗೆ ಹೊಳೆದಿರಲಿಲ್ಲ.

ಆ ಶನಿವಾರ, ಶ್ರಿಯಾ ಸ್ವಯಂಸೇವಕಿಯಾಗಿದ್ದ ಹಳೆಯ ವಿಮಾನಗಳ ಪುಟ್ಟ ಮ್ಯೂಸಿಯಂನಲ್ಲಿ ಓಪನ್ ಡೇ. ಹುಲ್ಲಿನ ಮೈದಾನದಲ್ಲಿ ಎರಡನೇ ಮಹಾಯುದ್ಧದ ಬಾಂಬರ್ ವಿಮಾನ ನಿಂತಿತ್ತು, ಆಚೆ ತುದಿಯಲ್ಲಿ ಅದೇ ಕಾಲದ ಒಂದು ಹಸಿರು ಸೈಕಲ್ಲು. ಯುದ್ಧಕಾಲದ ಏರ್‌ಫೀಲ್ಡ್ ಎಂದರೆ ಒಂದು ಊರಿನಷ್ಟು ಅಗಲ. ಮಲಗುವುದು ಒಂದು ಮೂಲೆ, ಉಣ್ಣುವುದು ಇನ್ನೊಂದು ಮೂಲೆ, ವಿಮಾನ ಮತ್ತೆಲ್ಲೋ. ಹಾಗಾಗಿ ಆಕಾಶದಲ್ಲಿ ಹಾರುವ ವೀರರೂ ನೆಲದ ಮೇಲೆ ಸೈಕಲ್ಲನ್ನೇ ತುಳಿಯುತ್ತಿದ್ದರು. ಅದನ್ನು ತೋರಿಸಲು ಒಬ್ಬರು ವೈಮಾನಿಕನ ವೇಷದಲ್ಲಿ ಸೈಕಲ್ ಹೊಡೆದುಕೊಂಡು ವಿಮಾನದವರೆಗೆ ಬರಬೇಕು, ಶ್ರಿಯಾ ಮೈಕಿನಲ್ಲಿ ಕಥೆ ಹೇಳಬೇಕು. ವೇಷ ಹಾಕಬೇಕಿದ್ದವನಿಗೆ ಬೆಳಿಗ್ಗೆಯೇ ಜ್ವರ ಬಂದಿತ್ತು.

ಮ್ಯೂಸಿಯಂ ನಡೆಸುವ ಮುದುಕ ವಾಲ್ಟರ್ “ಯಾರಾದರೂ ಬರ್ತೀರಾ?” ಎಂದು ಕೇಳಿದ್ದೇ ತಡ, ರಾಜಶೇಖರನ ಕೈ ಮೇಲಿತ್ತು.

“ರೀ, ಸುಮ್ನಿರಿ,” ಎಂದು ಹೆಂಡತಿ ಮಂಜರಿ ಅವನ ತೋಳು ಜಗ್ಗಿದಳು. “ನೀವು ಸೈಕಲ್ ಮುಟ್ಟಿ ಎಷ್ಟು ವರ್ಷ ಆಯ್ತು?”

“ಗದಗಿನಾಗ ಕಾಲೇಜಿಗೆ ಸೈಕಲ್ ಮ್ಯಾಲೇ ಹೋದಾಂವ ನಾನು. ಅದೂ ಕೈ ಬಿಟ್ಟು! ನನಗ ಹೇಳ್ತಿ?”

ಶ್ರಿಯಾ ಮೈಕಿಗೆ ಕೈ ಅಡ್ಡ ಹಿಡಿದು, “ಅಪ್ಪಾ, ಪ್ಲೀಸ್ ಡೋಂಟ್,” ಎಂದಳು. ಇಷ್ಟು ದಿನದ ಮೇಲೆ ‘ಫೈನ್’ ಬಿಟ್ಟು ಬೇರೆ ಮಾತು ಸಿಕ್ಕಿತಲ್ಲ ಎಂದು ಅವನಿಗೆ ಹುರುಪೇ ಬಂತು.

ಕೊಟ್ಟ ಚರ್ಮದ ಜಾಕೆಟ್ಟಿನ ಜಿಪ್ಪು ಹೊಟ್ಟೆಯ ಬುಡದಲ್ಲೇ ಮುಷ್ಕರ ಹೂಡಿತು. ವಿಮಾನ ಹಾರಿಸುವವನಿಗಿಂತ ಮೆಸ್ಸಿನ ಅಡುಗೆಭಟ್ಟನಂತೆ ಕಾಣುತ್ತಿದ್ದೇನೆ ಎಂದು ಅವನಿಗೇ ಅನ್ನಿಸಿತು. ಸೈಕಲ್ಲಿನ ಹ್ಯಾಂಡಲ್ಲಿನಲ್ಲಿ ಬ್ರೇಕು ಇರಲಿಲ್ಲ. ವಾಲ್ಟರ್ ಅದನ್ನೇ ವಿವರಿಸಲು ಬಾಯಿ ತೆರೆದ. ರಾಜಶೇಖರ “ಐ ನೋ, ಐ ನೋ” ಎಂದು ತಲೆಯಾಡಿಸಿ ಅವನ ಬಾಯಿ ಮುಚ್ಚಿಸಿದ. ಗದಗಿನಲ್ಲಿ ಬ್ರೇಕು ಹಿಡಿಯುವ ಸೈಕಲ್ಲು ಯಾರ ಬಳಿ ಇತ್ತು? ಚಪ್ಪಲಿಯೇ ಬ್ರೇಕು.

ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಲ್ಲಿ ನೆಲ ಒದ್ದು ಒದ್ದು, ವೇಗ ಬಂದ ಮೇಲೆ ಕಾಲು ಹಾರಿಸಿ ಸೀಟಿನ ಮೇಲೆ ಕೂತ. ಹಾಗೆ ಹತ್ತುವುದನ್ನು ಎಂದೂ ನೋಡಿರದ ಜನ ಚಪ್ಪಾಳೆ ತಟ್ಟಿದರು. ಅಷ್ಟು ಸಾಕಾಯಿತು, ಜಂಬ ನೆತ್ತಿಗೇರಿತು. ಇಳಿಯುವುದೂ ಗದಗಿನ ಶೈಲಿಯಲ್ಲೇ ಆಗಬೇಕು ಎಂದು ನಿಶ್ಚಯಿಸಿದ. ಸೈಕಲ್ಲು ಓಡುತ್ತಿರುವಾಗಲೇ ಪೆಡಲನ್ನು ಟಿಕ್‌ಟಿಕ್ ಎಂದು ಹಿಂದಕ್ಕೆ ತಿರುಗಿಸುವುದು, ಎಡಗಾಲ ಮೇಲೆ ನಿಂತು ಬಲಗಾಲನ್ನು ಹಿಂದಿನಿಂದ ಬೀಸಿ ಠೀವಿಯಿಂದ ಇಳಿಯುವುದು.

ನಮ್ಮೂರ ಸೈಕಲ್ಲಿನಲ್ಲಿ ಪೆಡಲು ಹಿಂದಕ್ಕೆ ಸುಮ್ಮನೆ ತಿರುಗುತ್ತದೆ. ಆ ಅಮೆರಿಕನ್ ಸೈಕಲ್ಲಿನಲ್ಲಿ ಹಿಂದಕ್ಕೆ ತುಳಿಯುವುದೇ ಬ್ರೇಕು. ಹಿಂದಿನ ಚಕ್ರ ಕಚ್ಚಿಕೊಂಡಿತು. ಒಂದು ಕಾಲು ಗಾಳಿಯಲ್ಲಿದ್ದ ರಾಜಶೇಖರ ಇಡಿಯಾಗಿ ಗಾಳಿಗೆ ಸೇರಿ, ಬಾಂಬರಿನ ರೆಕ್ಕೆಯ ಕೆಳಗೆ ಹುಲ್ಲಿನಲ್ಲಿ ಬೋರಲು ಬಿದ್ದ. ಅಂದು ಆ ಮೈದಾನದಲ್ಲಿ ಹಾರಿದವನು ಅವನೊಬ್ಬನೇ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ ಅವನಿಗೆ ಮೀಸೆಯೇ ಇರಲಿಲ್ಲ. ಮೊಣಕೈ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತಲೆ ಎತ್ತಿ ಮಗಳ ಮುಖ ನೋಡಲು ನಾಚಿಕೆ. ಇನ್ನು ಮೇಲೆ ‘ಫೈನ್’ಗೂ ಗತಿಯಿಲ್ಲ ಎಂದುಕೊಂಡ.

ವಾಲ್ಟರ್ ಬಂದು ಕೈಹಿಡಿದು ಎಬ್ಬಿಸಿದ. “ಯುದ್ಧಕ್ಕೆ ಹೋಗಿದ್ದ ನಮ್ಮಪ್ಪನಿಗೆ ಇಂಗ್ಲೆಂಡಿನ ಏರ್‌ಫೀಲ್ಡಿನಲ್ಲಿ ಇದರ ಉಲ್ಟಾ ಆಗಿತ್ತು. ಅಲ್ಲಿಯ ಸೈಕಲ್ಲಿಗೆ ಕೈಬ್ರೇಕು. ಅಪ್ಪ ನಿಲ್ಲಿಸೋಕೆ ಹಿಂದಕ್ಕೆ ತುಳಿದ, ತುಳಿದ, ಸೀದಾ ಪಾದ್ರಿಯ ಮನೆ ಬೇಲಿಗೆ ನುಗ್ಗಿದ. ಹೇಳೋಣ ಅಂದರೆ ನೀನು ಕೇಳಲಿಲ್ಲ.”

ಆಗ ಮೈದಾನದ ತುಂಬ ಒಂದು ನಗು ಕೇಳಿಸಿತು. ಶ್ರಿಯಾ ಮೈಕ್ ಆಫ್ ಮಾಡುವುದನ್ನೂ ಮರೆತು ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು, ಆರು ವರ್ಷದವಳಿದ್ದಾಗ ನಗುತ್ತಿದ್ದಂತೆ. ಜನರೂ ನಕ್ಕರು. ಅವಳು ಓಡಿಬಂದು ಅಪ್ಪನ ಮೊಣಕೈ ತಿರುಗಿಸಿ ನೋಡಿದಳು.

“ಆರ್ ಯೂ ಓಕೆ? ಅಪ್ಪಾ, ದಟ್ ವಾಸ್ ದ ಬೆಸ್ಟ್ ಪಾರ್ಟ್! ಮಧ್ಯಾಹ್ನದ ಶೋದಲ್ಲೂ ಬೀಳ್ತೀಯಾ?”

“ಏನೇ ಅದು ಮಾತು? ಕೈಕಾಲು ಮುರ್ಕೊಂಡ್ರೆ?” ಎಂದು ಮಂಜರಿ ರೇಗಿದಳು.

ಊಟದ ಹೊತ್ತಿನಲ್ಲಿ ವಾಲ್ಟರ್ ಬ್ರೇಕಿನ ಪಾಠ ಮಾಡಿದ. ರಾಜಶೇಖರ ಬಾಯಿ ಮುಚ್ಚಿಕೊಂಡು ಕಲಿತ. ಮೆಲ್ಲಗೆ ಹಿಂದಕ್ಕೊತ್ತಿದರೆ ಸೈಕಲ್ಲು ಹಸುವಿನಂತೆ ನಿಲ್ಲುತ್ತಿತ್ತು. ಯಾರಿಗೂ ನಗಲು ಅವಕಾಶವಿಲ್ಲದಂತೆ ಇಳಿಯುವುದು ಈಗ ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಮತ್ತೆ ಹೊರಟ. ವಿಮಾನದ ರೆಕ್ಕೆಯ ಪಕ್ಕದಲ್ಲಿ ಶ್ರಿಯಾ ಮೈಕ್ ಹಿಡಿದು ನಿಂತಿದ್ದಳು. ಹೇಳುತ್ತಿದ್ದ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ, ತುಟಿ ಕಚ್ಚಿ ನಗು ತಡೆದುಕೊಂಡು, ಅವನನ್ನೇ, ಅವನೊಬ್ಬನನ್ನೇ ನೋಡುತ್ತಿದ್ದಳು.

ರಾಜಶೇಖರ ಬಲಗಾಲು ಎತ್ತಿ, ಪೆಡಲನ್ನು ಬಲವಾಗಿ ಹಿಂದಕ್ಕೆ ತುಳಿದ.