ಸ್ವೆಟರಿನ ಮಡಿಕೆಯಲ್ಲಿದ್ದ ಸಿರಪ್ಪು

ಮಾದಿಹಳ್ಳಿಯ ಸ್ತ್ರೀಶಕ್ತಿ ಸಂಘದ ಹೆಂಗಸರು ಆ ಶನಿವಾರ ಸಮುದಾಯ ಭವನದಲ್ಲಿ ಸೇರಿದ್ದರು. ಮಧ್ಯದಲ್ಲಿ ಒಂದು ರಾಶಿ ಬಿದ್ದಿತ್ತು. ಜೇಬು ಹರಿದ ಪ್ಯಾಂಟು, ಬಣ್ಣ ಹೋದ ರವಿಕೆ, ಒಂಟಿ ಚಪ್ಪಲಿ, ಅರ್ಧ ಖಾಲಿಯಾದ ಪೌಡರ್ ಡಬ್ಬಿ. ನೇಪಾಳದ ಬೀದಿ ಮಕ್ಕಳಿಗೆ ಏನಾದರೂ ಕಳಿಸೋಣ ಎಂದು ಕೇಳಿದ್ದಕ್ಕೆ ಊರು ಕೊಟ್ಟದ್ದು ಇದು.

ಸಂಘದ ಇಂದು ಎಂಬಾಕೆ ರಾಶಿಯನ್ನು ನೋಡಿ ನಕ್ಕುಬಿಟ್ಟಳು. ಅವಳು ಇದೇ ಊರಿನವಳು, ಹಳೇಬೀಡಿನ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡುತ್ತಾಳೆ.

"ಇದನ್ನ ನಮ್ ಮಕ್ಕಳಿಗೆ ಹಾಕ್ತೀವಾ ಅಕ್ಕ? ನಮ್ಮೋರಿಗೆ ಬ್ಯಾಡದ್ದು ಆ ಮಕ್ಕಳಿಗೂ ಬ್ಯಾಡ."

ಹೋದ ಚಳಿಗಾಲದಲ್ಲಿ ಇಂದು ತಾಯಿ ದೇವೀರಮ್ಮನನ್ನು ನೇಪಾಳದ ಲುಂಬಿನಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಂದ ಕಾಠ್ಮಂಡುಗೂ ಹೋಗಿದ್ದರು. ಒಂದು ಬೆಳಿಗ್ಗೆ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಏಳೆಂಟು ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಪುಟ್ಟ ತಂಗಿ. ಆ ಮಗುವಿನ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಅಕ್ಕ ತನ್ನ ಎರಡೂ ಅಂಗೈಯಿಂದ ಉಜ್ಜುತ್ತಿದ್ದಳು. ಮಗು ಕೆಮ್ಮುತ್ತಲೇ ಇತ್ತು. ಅಂಥ ಮಕ್ಕಳಿಗೆ ಊಟ ಹಾಕಿ ಮಲಗಲು ಜಾಗ ಕೊಡುವ ಮನೆಯೊಂದು ಆ ಊರಲ್ಲಿದೆ. ಬೆಂಗಳೂರಿನ ಒಂದು ನೋಂದಾಯಿತ ಸಂಸ್ಥೆ ಪ್ರತಿ ವರ್ಷ ಆ ಮನೆಗೆ ಸಾಮಾನು ಕಳಿಸುತ್ತದೆ. ನಮ್ಮ ಕಡೆಯ ಸಾಮಾನನ್ನು ಅರಸೀಕೆರೆಯಲ್ಲಿ ಚೇತನ್‌ಕುಮಾರ್ ಎಂಬುವರು ಒಟ್ಟುಮಾಡಿ ರೈಲಿಗೆ ಹಾಕಿಸುತ್ತಾರೆ.

ಇದನ್ನೆಲ್ಲ ಇಂದು ಹೇಳುವಾಗ ಸಿದ್ದಬಸಪ್ಪ ಬಾಗಿಲಲ್ಲೇ ನಿಂತಿದ್ದರು. ಹೆಂಡತಿ ಸುವರ್ಣಮ್ಮನನ್ನು ಕರೆದೊಯ್ಯಲು ತೋಟದಿಂದ ಬಂದಿದ್ದರು.

"ಅಲ್ಲ ಕಣವ್ವ, ನಮ್ ದೇಶದಲ್ಲಿ ಹಸ್ದೋರು ಇಲ್ವಾ? ಕಂಡೋರ ದೇಶಕ್ಕೆ ಯಾಕೆ? ಅದು ಅಲ್ಲಿಗೆ ಮುಟ್ತದೆ ಅಂತ ಯಾರು ಕಂಡೋರು?"

"ಇಲ್ಲೂ ಕೊಡಾನ ಅಣ್ಣ, ಅಲ್ಲೂ ಕೊಡಾನ. ಚಳಿಗೆ ಯಾವ ದೇಶ? ಮುಟ್ತದೋ ಇಲ್ವೋ ಅಂತ ಕೇಳಿದ್ದು ಸರಿ. ನಾನೂ ಅದನ್ನೇ ಕೇಳ್ದೆ. ಡಬ್ಬಕ್ಕೆ ನಂಬರ್ ಕೊಡ್ತಾರೆ, ರಸೀದಿ ಕೊಡ್ತಾರೆ. ಅಲ್ಲಿ ಡಬ್ಬ ಬಿಚ್ಚಿದ ಮೇಲೆ ಪಟ್ಟಿಗೆ ಟಿಕ್ ಹಾಕಿ ವಾಪಸ್ ಕಳಿಸ್ತಾರೆ."

"ನೋಡಾನ ಬಿಡು," ಎಂದರು ಸಿದ್ದಬಸಪ್ಪ. ನಂಬಿಕೆ ಬಂದಿರಲಿಲ್ಲ.

ಸುವರ್ಣಮ್ಮನ ಮನಸ್ಸು ಮಾತ್ರ ಆ ಕೆಮ್ಮುವ ಮಗುವಿನ ಹತ್ತಿರವೇ ನಿಂತುಬಿಟ್ಟಿತ್ತು. "ನಾನು ಒಂದು ಡಬ್ಬ ಕೊಬ್ಬರಿ ಮಿಠಾಯಿ ಮಾಡ್ಕೊಡ್ತೀನಿ ಕಣೇ."

"ಬ್ಯಾಡ ಸುವರ್ಣಕ್ಕ. ತಿಂಗಳ ದಾರಿ. ಕಮಟು ಹಿಡೀತದೆ. ಅವರು ಏನು ಕೇಳವ್ರೋ ಅದನ್ನೇ ಕಳಿಸಾನ."

ಆ ಮನೆಯವರು ಕಳಿಸಿದ ಪಟ್ಟಿಯನ್ನು ಇಂದು ಓದಿದಳು. ಒಗೆದ, ಹರಿಯದ ಸ್ವೆಟರು. ಉಣ್ಣೆ ಟೋಪಿ, ಕಾಲುಚೀಲ. ಸಾಬೂನು, ಹಲ್ಲುಜ್ಜುವ ಬ್ರಷ್ಷು, ನೋಟ್ ಪುಸ್ತಕ. ತಿನ್ನುವ ಪದಾರ್ಥವಾದರೆ ಪರವಾನಗಿ ನಂಬರ್, ತಯಾರಿಸಿದ ತಾರೀಕು, ಕೆಡುವ ತಾರೀಕು ಮೂರೂ ಇರುವ ಪೊಟ್ಟಣ. ಗಂಡಸಿ ಗ್ರಾಮದ ಮಹಿಳಾ ಸಂಘದವರು ಹಾಗೆ ರಾಗಿ ಮಾಲ್ಟ್ ಪ್ಯಾಕ್ ಮಾಡುತ್ತಾರೆಂದು ಒಬ್ಬರು ನೆನಪಿಸಿದರು. ಅದನ್ನೇ ತರಿಸುವುದೆಂದು ತೀರ್ಮಾನವಾಯಿತು. ಪಟ್ಟಿಯ ಕೊನೆಯಲ್ಲಿ "ಔಷಧಿ ಬೇಡ" ಎಂದಿತ್ತು. ಅಷ್ಟು ಹೊತ್ತಿಗೆ ಎಲ್ಲರೂ ಮಾತಿಗೆ ಬಿದ್ದಿದ್ದರು. ಸುವರ್ಣಮ್ಮನ ಕಿವಿಗೆ ಅದು ಬೀಳಲಿಲ್ಲ.

ಸೋಮವಾರ ಸುವರ್ಣಮ್ಮ ಮೊಮ್ಮಗನ ಮೆರೂನ್ ಸ್ವೆಟರನ್ನು ಒಗೆದು ಒಣಗಿಸಿ ತಂದರು. ಅದರ ಮಡಿಕೆಯೊಳಗೆ ಮೊಮ್ಮಗ ಕುಡಿದು ಉಳಿಸಿದ್ದ ಕೆಮ್ಮಿನ ಸಿರಪ್ ಬಾಟಲಿಯನ್ನು ಸುತ್ತಿಟ್ಟರು. ಪಾಪ, ಕೆಮ್ಮು ನಿಲ್ಲಲಿ ಎಂಬ ಆಸೆ. ಯಾರಿಗೂ ಹೇಳಲಿಲ್ಲ. ಡಬ್ಬಕ್ಕೆ ಟೇಪು ಬಿತ್ತು. ಅರಸೀಕೆರೆಗೆ ಹೋಯಿತು.

ಬುಧವಾರ ಬೆಳಿಗ್ಗೆ ಸುವರ್ಣಮ್ಮ ಬಿಪಿ ಮಾತ್ರೆಗೆಂದು ಹಳೇಬೀಡಿನ ಆಸ್ಪತ್ರೆಗೆ ಗಂಡನ ಬೈಕಿನಲ್ಲಿ ಹೋದರು. ಔಷಧಿ ಕಿಟಕಿಯ ಸಾಲಿನಲ್ಲಿ ಮುಂದೆ ಮಾರಮ್ಮ ಎಂಬಾಕೆ ನಿಂತಿದ್ದಳು, ಕೈಯಲ್ಲಿ ಹಳೇ ಸಿರಪ್ ಬಾಟಲಿ.

"ಹೋದ ವರ್ಷದ್ದು ಐತೆ, ಇದನ್ನೇ ಮಗೀಗೆ ಕುಡಿಸ್ಲಾ?" ಎಂದು ಮಾರಮ್ಮ ಕೇಳಿದಳು.

ಕಿಟಕಿಯೊಳಗಿದ್ದ ಇಂದು ಬಾಟಲಿಯನ್ನು ಇಸಿದುಕೊಂಡಳು. "ಕೂಡದು ಕಣಕ್ಕ. ಬಿಚ್ಚಿ ತಿಂಗಳುಗಟ್ಟಲೆ ಇಟ್ಟಿದ್ದು ಕೆಟ್ಟಿರ್ತದೆ. ಒಂದು ಮಗೀಗೆ ಬರೆದಿದ್ದು ಇನ್ನೊಂದಕ್ಕೆ ಆಗಲ್ಲ. ಚಿಕ್ಕ ಮಕ್ಕಳಿಗೆ ಕೆಲವು ಸಿರಪ್ಪು ಜೀವಕ್ಕೇ ಕುತ್ತು. ಡಾಕ್ಟರ್ ನೋಡದೆ ಕೊಡಬ್ಯಾಡಿ."

ಸುವರ್ಣಮ್ಮ ಸಾಲು ಬಿಟ್ಟು ಬಂದರು. ಪಕ್ಕದ ಬೆಂಚಿನ ಮೇಲೆ ಕೂತರು. ಆ ಪುಟ್ಟ ಹುಡುಗಿ ಕಣ್ಣ ಮುಂದೆ ಬಂದಳು. ಹೇಳಿದರೆ ಎಲ್ಲರೆದುರು ಮಾನ ಹೋಗುತ್ತದೆ. ಹೇಳದಿದ್ದರೆ? ಎದ್ದು ಕಿಟಕಿಯ ಹತ್ತಿರ ಹೋದರು.

"ಇಂದೂ, ಒಂದು ತಪ್ಪು ಮಾಡ್ಬುಟ್ಟೆ ಕಣವ್ವ."

ಕೇಳಿದ ಮೇಲೆ ಇಂದು ಬೈಯಲಿಲ್ಲ. ತಕ್ಷಣ ಚೇತನ್‌ಕುಮಾರ್‌ಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ಇವತ್ತು ಮಧ್ಯಾಹ್ನದ ರೈಲಿಗೆ ಹಾಕ್ತೀವಿ ಅಂದಿದ್ರು," ಎಂದಳು ಮೆಲ್ಲಗೆ.

ಸುವರ್ಣಮ್ಮ ಹೊರಗೆ ಬಂದು ಗಂಡನಿಗೆ ಹೇಳಿದರು. ಅತ್ತುಬಿಟ್ಟರು. ಸಿದ್ದಬಸಪ್ಪ ಬೈಕಿನ ಕೀಲಿ ತೆಗೆದರು.

"ನಮ್ ಮೊಮ್ಮಗನ್ಗೆ ಯಾರಾದ್ರೂ ಇಂಥದ್ದು ಕುಡಿಸಿದ್ರೆ ಬಿಡ್ತಿದ್ವಾ? ಗಾಡಿ ಹತ್ತು, ಅರಸೀಕೆರೆಗೆ ಹೋಗಾನ."

ಎಲ್ಲೂ ನಿಲ್ಲದೆ ಜಾವಗಲ್ ದಾಟಿ ಅರಸೀಕೆರೆ ಮುಟ್ಟಿದರು. ಸ್ಟೇಷನ್ನಿನ ಪಾರ್ಸೆಲ್ ಆಫೀಸಿನ ಮುಂದೆ ಡಬ್ಬಗಳು ಸಾಲಾಗಿದ್ದವು. ಪಕ್ಕದಲ್ಲಿ ಚೇತನ್‌ಕುಮಾರ್ ಚೀಟಿ ಅಂಟಿಸುತ್ತಿದ್ದರು. ಗದ್ದಲದಲ್ಲಿ ಅವರಿಗೆ ಫೋನು ಕೇಳಿಸಿರಲಿಲ್ಲ.

"ಮಾದಿಹಳ್ಳಿ ಡಬ್ಬ ಐತಾ? ಹೋಯ್ತಾ?" ಸಿದ್ದಬಸಪ್ಪ ಬೈಕಿನಿಂದ ಇಳಿಯುತ್ತಲೇ ಕೂಗಿದರು.

"ಐದು ಡಬ್ಬ ನಿನ್ನೆ ಹೋದ್ವು. ನಿಮ್ಮದು ನೋಡ್ಬೇಕು ಸಾರ್."

ಸುವರ್ಣಮ್ಮ ಕಣ್ಣು ಮುಚ್ಚಿದರು. ಚೇತನ್‌ಕುಮಾರ್ ಒಂದೊಂದೇ ಚೀಟಿ ನೋಡುತ್ತ ಬಂದು ಕೊನೆಯ ಡಬ್ಬದ ಮೇಲೆ ಕೈಯಿಟ್ಟರು. "ಇಲ್ಲೇ ಐತಲ್ಲಾ."

ಸುವರ್ಣಮ್ಮ ನಡೆದದ್ದನ್ನು ಹೇಳಿದರು, ಅವರು ಟೇಪು ಕಿತ್ತರು. ಮೆರೂನ್ ಸ್ವೆಟರು ಮೇಲೆಯೇ ಇತ್ತು. ಮಡಿಕೆ ಬಿಚ್ಚಿದರೆ ಬಾಟಲಿ ಸಿಕ್ಕಿತು. ಮುಚ್ಚಳ ಗಟ್ಟಿಯಾಗಿತ್ತು, ಒಂದು ಹನಿಯೂ ಸೋರಿರಲಿಲ್ಲ. ಸುವರ್ಣಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಿಗ್ಗೆಯಿಂದ ಕಟ್ಟಿಟ್ಟ ಉಸಿರೋ ಎಂಬಂತೆ ನಿಟ್ಟುಸಿರು ಬಿಟ್ಟರು.

"ಒಳ್ಳೇದಾಯ್ತಮ್ಮ ಬಂದು ಹೇಳಿದ್ದು," ಎಂದರು ಚೇತನ್‌ಕುಮಾರ್. "ಪಟ್ಟಿಯಲ್ಲಿಲ್ಲದ ಔಷಧಿ ಗಡಿ ತಪಾಸಣೆಯಲ್ಲಿ ಸಿಕ್ಕಿದ್ರೆ ಬರೀ ನಿಮ್ಮ ಡಬ್ಬ ಅಲ್ಲ, ಎಲ್ಲಾ ಡಬ್ಬನೂ ನಿಲ್ಲಿಸಿಬಿಡ್ತಿದ್ರು. ಚಳಿಗಾಲ ಮುಗಿದ ಮೇಲೆ ಸ್ವೆಟರ್ ಹೋಗಿ ಏನು ಬಂತು?"

ಸಿದ್ದಬಸಪ್ಪ ತಾವೇ ಪಟ್ಟಿ ಹಿಡಿದು ಪ್ರತಿ ಸಾಮಾನನ್ನೂ ಎಣಿಸಿ ಒಳಗಿಟ್ಟರು. ಟೇಪು ಹಾಕಿ ಸಹಿ ಮಾಡಿ ರಸೀದಿ ಪಡೆದರು. ಆಮೇಲೆ ಇಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಟೀ ಕುಡಿದರು. "ಬದುಕ್ಕೊಂಡ್ವಿ ಕಣೇ," ಎಂದು ಸಿದ್ದಬಸಪ್ಪ ನಕ್ಕರು. ಸುವರ್ಣಮ್ಮನಿಗೂ ನಗು ಬಂತು.

ಐದು ವಾರ ಕಳೆದ ಮೇಲೆ ಇಂದುವಿನ ಫೋನಿಗೆ ಟಿಕ್ ಹಾಕಿದ ಪಟ್ಟಿ ಬಂತು. ಒಂದೂ ಬಿಟ್ಟಿರಲಿಲ್ಲ. ಜೊತೆಗೆ ಆ ಮನೆಯ ಮೇಲ್ವಿಚಾರಕಿ ಹಿಂದಿಯಲ್ಲಿ ಕಳಿಸಿದ ಮಾತು. ಇಂದು ಅದನ್ನು ಆ ಗಂಡ ಹೆಂಡತಿಗೆ ಕನ್ನಡ ಮಾಡಿ ಹೇಳಿದಳು: "ಮಕ್ಕಳು ರಾಗಿ ಮಾಲ್ಟನ್ನ ಚಾಕೊಲೇಟ್ ಗಂಜಿ ಅಂತವ್ರಂತೆ. ಲೋಟ ಬಳಿದು ಬಳಿದು ಕುಡಿದು ಇನ್ನೂ ಬೇಕು ಅಂತವ್ರಂತೆ. ಕೆಮ್ಮು ಇರೋ ಮಕ್ಕಳನ್ನ ವಾರಕ್ಕೊಂದ್ಸಾರಿ ಅಲ್ಲಿನ ಡಾಕ್ಟರೇ ಬಂದು ನೋಡ್ತಾರಂತೆ."

"ಹಂಗಾದ್ರೆ ಮುಂದಿನ ಸಾರಿ ಮಾಲ್ಟು ಎರಡು ಡಬ್ಬ ಕಳಿಸಾನ," ಎಂದರು ಸಿದ್ದಬಸಪ್ಪ. ಹಾಗೆಂದವರು ತಕ್ಷಣ ತಡೆದರು. "ಇರು ಇರು. ಮೊದಲು ಅವರಿಗೆ ಏನು ಬೇಕು ಅಂತ ಕೇಳವ್ವ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದೂರದ ಮಕ್ಕಳಿಗೆ ಕೈ ನೀಡುವ ಮನಸ್ಸು ನಿಮಗೂ ಇದ್ದರೆ ಹಿಂಜರಿಯಬೇಡಿ. ಆದರೆ ನೋಂದಣಿ ಇರುವ, ರಸೀದಿ ಕೊಡುವ ಸಂಸ್ಥೆಯ ಮೂಲಕವೇ ಕಳಿಸಿ. ಕೇಳಿದ್ದನ್ನು ಕೊಡಿ, ಕೊಟ್ಟಿದ್ದನ್ನೆಲ್ಲ ಪಟ್ಟಿಯಲ್ಲಿ ಬರೆಯಿರಿ. ತಿನ್ನುವ ಪದಾರ್ಥದ ಮೇಲಿನ ತಾರೀಕು ನೋಡಿ. ಮನೆಯಲ್ಲಿ ಉಳಿದ ಔಷಧಿಯನ್ನು ಎಷ್ಟೇ ಕರುಣೆ ಬಂದರೂ ಯಾವ ಮಗುವಿಗೂ ಕೊಡಬೇಡಿ. ಅಕಸ್ಮಾತ್ ತಪ್ಪಾಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ಆ ಗಳಿಗೆಯಲ್ಲೇ ಬಾಯಿಬಿಟ್ಟು ಹೇಳಿ. ನೀವು ಆಡುವ ಒಂದು ಮಾತಿನಿಂದ ಎಲ್ಲೋ ಒಂದು ಮಗು ಉಳಿಯಬಹುದು.